ಪರೀಕ್ಷೆ ಕಾಲದ ನೆಗಡಿ

ಪರೀಕ್ಷೆಯ ವೇಳಾಪಟ್ಟಿ ಬೋರ್ಡಿಗೆ ಬಿತ್ತೆಂದರೆ ಸಾಕು, ಹಾಸ್ಟೆಲಿನಲ್ಲಿ ಒಬ್ಬರಲ್ಲ ಒಬ್ಬರು ಮೂಗು ಸೀಟತೊಡಗುತ್ತಾರೆ. "ಅದೆಲ್ಲ ಮನಸ್ಸಿನ ಆಟ ಕಣೋ" ಎಂದು ಉಳಿದವರು ನಗುತ್ತಾರೆ. ಈ ಮಾತನ್ನು ಸ್ವಲ್ಪ ಕೆದಕಿ ನೋಡೋಣ ಅಂತ ನನ್ನ ಆಸೆ.

ನರಮಂಡಲದ ಕೆಲಸ ಸುದ್ದಿ ಸಾಗಿಸುವುದು, ರೋಗನಿರೋಧಕ ವ್ಯವಸ್ಥೆಯ ಕೆಲಸ ರೋಗಾಣುಗಳನ್ನು ಎದುರಿಸುವುದು, ಇವೆರಡಕ್ಕೂ ಅಷ್ಟಾಗಿ ಸಂಬಂಧವಿಲ್ಲ ಎಂದೇ ಬಹುಕಾಲ ಭಾವಿಸಲಾಗಿತ್ತು. 1975ರಲ್ಲಿ ಅಮೆರಿಕದ ರಾಚೆಸ್ಟರಿನ ರಾಬರ್ಟ್ ಏಡರ್ ಮತ್ತು ನಿಕೋಲಸ್ ಕೊಹೆನ್ ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿಸಿ, ಜೊತೆಗೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟರು. ಆಮೇಲೆ ಔಷಧವಿಲ್ಲದೆ ಬರೀ ಸಿಹಿನೀರು ಕುಡಿಸಿದರೂ ಆ ಶಕ್ತಿ ತಗ್ಗಿತು! ನಾಲಿಗೆಯ ರುಚಿ ಮಿದುಳಿಗೆ ಹೋಗಿ, ಅಲ್ಲಿಂದ ರಕ್ಷಣಾಪಡೆಗೆ ಅಪ್ಪಣೆ ಹೋಗಿರಬೇಕಲ್ಲವೆ?

ಅಪ್ಪಣೆ ಹೋಗಲು ದಾರಿಗಳು ಎರಡು. ಒಂದು ಟಪಾಲಿನಂತೆ ನಿಧಾನ: ಮಿದುಳಿನ ಸೂಚನೆಯಂತೆ ಅಡ್ರಿನಲ್ ಗ್ರಂಥಿ ಕಾರ್ಟಿಸಾಲನ್ನು ರಕ್ತಕ್ಕೆ ಬಿಡುತ್ತದೆ, ಅದು ಬಿಳಿ ರಕ್ತಕಣಗಳ ಅಬ್ಬರವನ್ನು ಇಳಿಸುತ್ತದೆ. ಇನ್ನೊಂದು ಫೋನಿನಂತೆ ನೇರ: ನರದ ಎಳೆಗಳು ಗುಲ್ಮದಂಥ ಅಂಗಗಳೊಳಕ್ಕೇ ಹೋಗಿ ನಾರ್‌ಅಡ್ರಿನಲಿನ್ ಸುರಿಸುತ್ತವೆ.

ಮರುಸುದ್ದಿಯೂ ಉಂಟು. ರೋಗಾಣು ಕಂಡ ಬಿಳಿಕಣಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಹೊರಬಿಡುತ್ತವೆ. ರಕ್ತದ ಮೂಲಕವೂ ವೇಗಸ್ ನರದ ಮೂಲಕವೂ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಆಗ ಮೈ ಬಿಸಿಯಾಗುತ್ತದೆ, ಊಟ ಸೇರುವುದಿಲ್ಲ, ಮಲಗಿಬಿಡೋಣ ಅನ್ನಿಸುತ್ತದೆ. ಜ್ವರ ಬಂದವನು ಮುದುಡಿ ಮಲಗುವುದು ಸೋಮಾರಿತನವಲ್ಲ; ಅದು ಮಿದುಳೇ ಹೊರಡಿಸಿದ ಆಜ್ಞೆ.

ಇನ್ನು ಪರೀಕ್ಷೆಯ ವಿಚಾರ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ 3.5 ಮಿಲಿಮೀಟರ್ ಅಗಲದ ಗಾಯ ಮಾಡಿದರು: ಒಮ್ಮೆ ಬೇಸಿಗೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಗೆ 3 ದಿನ ಮುಂಚೆ. ಅದೇ ಬಾಯಿ, ಅಷ್ಟೇ ಗಾಯ; ಆದರೂ ಪರೀಕ್ಷೆ ಕಾಲದ್ದು ಮಾಯಲು ಸರಾಸರಿ 3 ದಿನ ಹೆಚ್ಚು ಹಿಡಿಯಿತು.

ಹಾಗಂತ ಚಿಂತೆಯೇ ನೆಗಡಿ ತರುತ್ತದೆ ಎನ್ನಲಾಗದು. ನೆಗಡಿ ತರುವುದು ವೈರಸ್ಸು. ಧೈರ್ಯವೊಂದಿದ್ದರೆ ಔಷಧವೇ ಬೇಡ ಎನ್ನುವುದೂ ತಪ್ಪು. ಕಾಯಿಲೆ ವಾಸಿಯಾಗದವನಿಗೆ "ನಿನ್ನ ಮನಸ್ಸೇ ಗಟ್ಟಿಯಿಲ್ಲ" ಎಂದು ಹಂಗಿಸಿದ ಹಾಗಾದೀತು. ಮನಸ್ಸಿನ ಆಟವೇ ಇರಬಹುದು, ಆದರೆ ಆ ಆಟ ನಡೆಯುವುದು ರಕ್ತದಲ್ಲಿ, ನರದಲ್ಲಿ. ಆದ್ದರಿಂದ ರೂಮಿನಲ್ಲಿ ಯಾರಾದರೂ ಕೆಮ್ಮುತ್ತಿದ್ದರೆ ದೀಪ ಆರಿಸಿ, ಅವರನ್ನು ನಿದ್ದೆ ಮಾಡಲು ಬಿಡಿ. ನೋಟ್ಸು ಬೆಳಿಗ್ಗೆ ಕೊಟ್ಟರಾಯಿತು.