ಮೊಬೈಲ್ ತೋರಿಸುವ ಎಂಜಿನ್ ಅಂಕಿ: ನಂಬುವ ಮೊದಲು ಪರೀಕ್ಷಿಸಿರಿ



ತರಕಾರಿ, ಹೂವು, ಹಾಲು ಸಾಗಿಸಲು ಪಿಕಪ್ ಅಥವಾ ಜೀಪು ಇಟ್ಟುಕೊಂಡಿರುವ ಅನೇಕರು ಈಗ ಒಬಿಡಿ ಅಡಾಪ್ಟರ್ ಎಂಬ ಸಣ್ಣ ಸಾಧನವನ್ನು ಬಳಸುತ್ತಿದ್ದಾರೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿದರೆ ಎಂಜಿನ್ನಿನ ಶಾಖ, ವೇಗ, ಬ್ಯಾಟರಿಯ ವೋಲ್ಟೇಜು ಮೊಬೈಲಿನ ಆ್ಯಪ್‌ನಲ್ಲಿ ಕಾಣುತ್ತವೆ. ಉಪಯುಕ್ತ ಸಾಧನವೇ ಸರಿ. ಆದರೆ ಅಂಕಿ ತಪ್ಪಿದರೆ ನಷ್ಟ ಎರಡು ಬಗೆ. ಸರಿಯಾಗಿರುವ ಸೆನ್ಸರನ್ನು ಬಿಚ್ಚಿಸಿ ಹೊಸದಕ್ಕೆ ಹಣ ತೆರುವುದು ಒಂದು. ನಿಜವಾಗಿಯೇ ಕಾದ ಎಂಜಿನ್ನನ್ನು ‘ಆ್ಯಪ್ ಸುಳ್ಳು ಹೇಳುತ್ತದೆ’ ಎಂದು ಓಡಿಸಿ ಕೆಡಿಸಿಕೊಳ್ಳುವುದು ಇನ್ನೊಂದು. ರೋಗ ಗುರುತಿಸದೆ ಔಷಧಿ ಸಿಂಪಡಿಸಬಾರದಷ್ಟೆ? ಇಲ್ಲಿಯೂ ಅದೇ ಕ್ರಮ.

ಬೆಳಗಿನ ಪರೀಕ್ಷೆ

ರಾತ್ರಿಯೆಲ್ಲ ನಿಂತ ಗಾಡಿಯ ಕೀಲಿಯನ್ನು ಬೆಳಿಗ್ಗೆ ಆನ್ ಮಾಡಿರಿ. ಎಂಜಿನ್ ಚಾಲೂ ಮಾಡಬೇಡಿರಿ. ಈಗ ಕೂಲಂಟ್ ನೀರಿನ ಶಾಖ, ಒಳಹೋಗುವ ಗಾಳಿಯ ಶಾಖ ಎರಡೂ ಹೊರಗಿನ ಹವೆಗೆ ಹತ್ತಿರವಿರಬೇಕು. ಹೊರಗೆ 22 ಡಿಗ್ರಿ ಇದ್ದು, ಒಂದು 23, ಇನ್ನೊಂದು 60 ತೋರಿಸಿದರೆ ಎರಡನೆಯದರಲ್ಲಿ ದೋಷವಿದೆ.

ಇನ್‌ಟೇಕ್ ಒತ್ತಡದ ಸೆನ್ಸರ್ ಇದ್ದರೆ ಅದು ಈ ವೇಳೆಯಲ್ಲಿ ಊರಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91. ಆದ್ದರಿಂದ ಘಟ್ಟದ ಮೇಲಿನವರು ಅಂಕಿ ಕಡಿಮೆ ಕಂಡಿತೆಂದು ಗಾಬರಿಪಡಬೇಕಿಲ್ಲ.

ಮೈನಸ್ 40 ಕಂಡರೆ?

ನಮ್ಮ ನಾಡಿನಲ್ಲಿ ಯಾವ ಎಂಜಿನ್ನೂ ಇಷ್ಟು ತಣ್ಣಗಾಗದು. ಈ ಅಂಕಿ ಬಂದರೆ ಸಾಮಾನ್ಯವಾಗಿ ಸೆನ್ಸರಿನ ವೈರು ತುಂಡಾಗಿದೆ, ಪ್ಲಗ್ಗು ಸಡಿಲವಾಗಿದೆ ಅಥವಾ ಅಡಾಪ್ಟರಿಗೆ ಸರಿಯಾದ ಉತ್ತರ ಬಂದಿಲ್ಲ ಎಂದರ್ಥ. ಕಾಳಿನ ಚೀಲಗಳ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುವುದುಂಟು. ಸೆನ್ಸರ್ ಕೊಳ್ಳುವ ಮೊದಲು ವೈರು, ಪ್ಲಗ್ಗು ನೋಡಿಸಿರಿ.

ಅಡಾಪ್ಟರ್, ಆ್ಯಪ್‌ಗಳ ದೋಷ

1. ಮಾನ ನೋಡಿರಿ. 194 ಎಂದು ಕಂಡರೆ ಅದು ಫ್ಯಾರನ್‌ಹೀಟ್ ಇರಬಹುದು. ಸೆಲ್ಸಿಯಸ್ಸಿನಲ್ಲಿ ಅದು 90, ಓಡುವ ಎಂಜಿನ್ನಿಗೆ ಸಹಜ.

2. ಅಂಕಿ ತಡವಾಗಿ ಬದಲಾದರೆ, ತೆರೆಯ ಮೇಲೆ ಎರಡು ಮೂರು ಮಾಪಕಗಳನ್ನು ಮಾತ್ರ ಉಳಿಸಿರಿ. ಒಂದೇ ವೇಳೆಗೆ ಎರಡು ಆ್ಯಪ್ ತೆರೆಯಬೇಡಿರಿ.

3. ಬ್ಯಾಟರಿಯ ವೋಲ್ಟೇಜನ್ನು ಬಹುಮಟ್ಟಿಗೆ ಅಡಾಪ್ಟರೇ ಅಳೆಯುತ್ತದೆ. ಮಲ್ಟಿಮೀಟರಿನೊಡನೆ ಹೋಲಿಸಿರಿ. ತುಂಬಿದ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6, ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರುತ್ತದೆ.

4. ಅಗ್ಗದ ಅಡಾಪ್ಟರುಗಳಲ್ಲಿ ಬಹಳಷ್ಟು ಇಎಲ್‌ಎಂ 327 ಎಂಬ ಚಿಪ್ಪಿನ ನಕಲುಗಳು. ಎಲ್ಲ ಗಾಡಿಗಳೊಡನೆ ಇವು ಸರಿಯಾಗಿ ವ್ಯವಹರಿಸವು. ನೆರೆಯವರ ಗಾಡಿಗೂ ಸಿಕ್ಕಿಸಿ ನೋಡಿರಿ. ಅಲ್ಲಿಯೂ ಅದೇ ತಪ್ಪು ಕಂಡರೆ ದೋಷ ಅಡಾಪ್ಟರ್ ಅಥವಾ ಆ್ಯಪ್‌ನದೆಂದು ಶಂಕಿಸಬಹುದು.

ಡೀಸೆಲ್ ಮೈಲೇಜು

ಅನೇಕ ಆ್ಯಪ್‌ಗಳು ಎಂಜಿನ್ನಿಗೆ ಹೋದ ಗಾಳಿಯಿಂದ ಇಂಧನವನ್ನು ಅಂದಾಜು ಮಾಡುತ್ತವೆ. ಪೆಟ್ರೋಲಿನಲ್ಲಿ 1 ಕಿಲೋ ಇಂಧನಕ್ಕೆ ಸುಮಾರು 14.7 ಕಿಲೋ ಗಾಳಿ ಎಂಬ ಲೆಕ್ಕ ನಡೆಯುತ್ತದೆ. ಡೀಸೆಲ್ ಎಂಜಿನ್ ಹೆಚ್ಚುವರಿ ಗಾಳಿಯಲ್ಲೇ ಓಡುವುದರಿಂದ ಅಲ್ಲಿ ಈ ಲೆಕ್ಕ ತಪ್ಪುತ್ತದೆ. ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಮತ್ತೆ ತುಂಬಿಸಿದಾಗ ಹಿಡಿದ ಲೀಟರಿನಿಂದ ಭಾಗಿಸುವುದೇ ಒಳ್ಳೆಯದು.

ಎಚ್ಚರಿಕೆ

ಡ್ಯಾಶ್‌ಬೋರ್ಡಿನ ಕೆಂಪು ಶಾಖದ ದೀಪ ಹತ್ತಿದರೆ ಆ್ಯಪ್ ಏನೇ ಹೇಳಲಿ, ಗಾಡಿ ನಿಲ್ಲಿಸಿರಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿರಿ. ಗಾಡಿ ಕೆಲವು ದಿನ ನಿಲ್ಲುವುದಾದರೆ ಅಡಾಪ್ಟರ್ ಕಳಚಿಡಿರಿ. ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ.

ಗಾಡಿ ಚೆನ್ನಾಗಿರುವಾಗಲೇ ಬೆಳಗಿನ ಅಂಕಿ, ಓಡಿದ ಮೇಲಿನ ಅಂಕಿಗಳನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಿರಿ. ಮುಂದೆ ಸಂಶಯ ಬಂದಾಗ ಅದನ್ನು ಮೆಕ್ಯಾನಿಕ್ಕಿಗೆ ತೋರಿಸಿದರೆ ದೋಷ ಬೇಗ ಸಿಗುತ್ತದೆ, ಖರ್ಚೂ ಉಳಿಯುತ್ತದೆ.