ಬಿಟ್ಟಲ್ಲೇ ನಿಲ್ಲುವ ದೀಪ

ಮಕ್ಕಳು ಓದುವ ಮೇಜಿನ ಮೇಲೆ ಕತ್ತು ಬಾಗಿಸಿ ನಿಂತಿರುವ, ಸ್ಪ್ರಿಂಗ್ ಇರುವ ದೀಪವನ್ನು ನೀವು ನೋಡಿರಬಹುದು. ಒಂದು ಬೆರಳಿನಿಂದ ಅದನ್ನು ಎತ್ತಿ, ಇಳಿಸಿ, ಆಚೀಚೆ ತಿರುಗಿಸಿ. ಕೈ ಬಿಟ್ಟಲ್ಲೇ ಅದು ನಿಲ್ಲುತ್ತದೆ. ಪ್ರತಿ ಸಲವೂ ತಿರುಪು ಬಿಗಿಯಬೇಕಾಗಿಲ್ಲ. ಇದನ್ನು ರೂಪಿಸಿದವರು ದೀಪದ ವ್ಯಾಪಾರಿಯಲ್ಲ, ಕಾರಿನ ಇಂಜಿನಿಯರ್ ಎಂದರೆ ನಿಮಗೆ ಅಚ್ಚರಿಯಾದೀತು.

ಅವರ ಹೆಸರು ಜಾರ್ಜ್ ಕಾರ್ವರ್ಡೈನ್. 1887ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಹುಟ್ಟಿದ ಅವರು ಅಲ್ಲಿಯ ಹಾರ್ಸ್ಟ್‌ಮನ್ ಕಾರು ಕಂಪೆನಿಯಲ್ಲಿ ದುಡಿದರು. ರಸ್ತೆಯ ಹೊಂಡಗಳಲ್ಲಿ ಕಾರು ಕುಲುಕದಂತೆ ತಡೆಯುವ ಸ್ಪ್ರಿಂಗ್‌ಗಳ ವ್ಯವಸ್ಥೆ ಅವರ ಆಸಕ್ತಿಯ ವಿಷಯ. 1929ರಲ್ಲಿ ಹಾರ್ಸ್ಟ್‌ಮನ್ ಕಾರುಗಳ ತಯಾರಿಕೆ ನಿಂತುಹೋಯಿತು. ಆದರೆ ಅವರು ಸ್ಪ್ರಿಂಗ್‌ಗಳ ಕುರಿತು ಯೋಚಿಸುವುದನ್ನು ನಿಲ್ಲಿಸಲಿಲ್ಲ.

ಅವರ ಮುಂದಿದ್ದ ಪ್ರಶ್ನೆ ಏನೆಂದು ತಿಳಿಯಲು ಒಂದು ಚೆಂಬು ನೀರನ್ನು ಕೈಯಲ್ಲಿ ಹಿಡಿಯಿರಿ. ಮೈಗೆ ಹತ್ತಿರವಿದ್ದಾಗ ಹಗುರ, ಕೈ ಚಾಚಿದಷ್ಟೂ ಭಾರ. ದೀಪದ ತೋಳಿಗೂ ಇದೇ ಕಷ್ಟ. ಭಾರದ ಎಳೆತ ಹೆಚ್ಚಿದಾಗ ಸ್ಪ್ರಿಂಗಿನ ಎಳೆತವೂ ಅಷ್ಟೇ ಹೆಚ್ಚಬೇಕು, ತಗ್ಗಿದಾಗ ಅಷ್ಟೇ ತಗ್ಗಬೇಕು. ಸ್ಪ್ರಿಂಗನ್ನು ಎಲ್ಲಿ, ಹೇಗೆ ಸಿಕ್ಕಿಸಿದರೆ ಇದು ಸಾಧ್ಯವೆಂಬ ಲೆಕ್ಕವನ್ನು ಅವರು ಕಂಡುಕೊಂಡರು. 1932ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು.

ರೆಡಿಚ್ ಎಂಬ ಊರಿನ ಹರ್ಬರ್ಟ್ ಟೆರ್ರಿ ಕಂಪೆನಿ ಸ್ಪ್ರಿಂಗ್ ತಯಾರಿಕೆಗೆ ಹೆಸರಾಗಿತ್ತು. ಅದು ಈ ದೀಪವನ್ನು ತಯಾರಿಸಲು ಮುಂದೆ ಬಂತು. ಹೆಸರು ಆಂಗಲ್‌ಪಾಯ್ಸ್. ಮೊದಲು ಬಂದದ್ದು ನಾಲ್ಕು ಸ್ಪ್ರಿಂಗ್‌ಗಳ ದೀಪ. 1935ರಲ್ಲಿ ಮನೆ ಬಳಕೆಗೆ ಒಪ್ಪುವ ಮೂರು ಸ್ಪ್ರಿಂಗ್‌ಗಳ ದೀಪ ಬಂತು. 1937ರಲ್ಲಿ ನಾರ್ವೆಯ ಯಾಕ್ ಯಾಕೋಬ್‌ಸೆನ್ ಇದೇ ತತ್ವದ ಮೇಲೆ 'ಲುಕ್ಸೋ' ದೀಪವನ್ನು ರೂಪಿಸಿದರು. 1986ರಲ್ಲಿ ಪಿಕ್ಸಾರ್ ಸಂಸ್ಥೆ ತನ್ನ ಪುಟ್ಟ ಚಿತ್ರ 'ಲುಕ್ಸೋ ಜೂನಿಯರ್'ನಲ್ಲಿ ಇಂತಹ ದೀಪವನ್ನೇ ಪಾತ್ರವಾಗಿಸಿತು. ಕಾರ್ವರ್ಡೈನ್ ಇದನ್ನು ನೋಡಲು ಇರಲಿಲ್ಲ, 1947ರಲ್ಲೇ ತೀರಿಕೊಂಡಿದ್ದರು.

ಇಂತಹ ದೀಪ ನಿಮ್ಮ ಮನೆಯಲ್ಲಿದ್ದರೆ ಬೆಳಕು ಕಣ್ಣಿಗಲ್ಲ, ಪುಸ್ತಕದ ಮೇಲೆ ಬೀಳುವಂತೆ ತಗ್ಗಿಸಿ. ಬಲಗೈಯಲ್ಲಿ ಬರೆಯುವ ಮಗುವಿಗೆ ದೀಪ ಎಡಗಡೆ ಇರಲಿ, ಆಗ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ.

"ಈ ಪಾಠ ಕಲಿತು ಏನು ಪ್ರಯೋಜನ?" ಎಂದು ಮಕ್ಕಳು ಕೇಳುವುದುಂಟು. ತರಗತಿಯಲ್ಲಿ ನನಗೂ ಈ ಪ್ರಶ್ನೆ ಎದುರಾಗುತ್ತದೆ. ಮುಂದಿನ ಸಲ ನಿಮ್ಮ ಮಗು ಹಾಗೆ ಕೇಳಿದರೆ ಗದರಿಸಬೇಡಿ. ಮೇಜಿನ ಮೇಲಿನ ಆ ದೀಪವನ್ನು ತೋರಿಸಿ. ಕಾರಿಗಾಗಿ ಕಲಿತ ವಿದ್ಯೆ ಎಷ್ಟೋ ಮನೆಗಳ ಪುಸ್ತಕಕ್ಕೆ ಬೆಳಕಾದ ಕಥೆಯನ್ನು ಹೇಳಿ.