ಮಳೆಗಾಲದಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿಯ ರಕ್ಷಣೆ

ಆಲೂರು–ಸಕಲೇಶಪುರಗಳ ನಡುವಣ ಬಾಳ್ಳುಪೇಟೆಯಲ್ಲಿ ಮಳೆ ಹಿಡಿಯಿತೆಂದರೆ ಹವ್ಯಾಸದ ಪುಟ್ಟ ವಾಹನಗಳು ತಿಂಗಳುಗಟ್ಟಲೆ ಮೂಲೆ ಸೇರುತ್ತವೆ. ಅವುಗಳ ಲಿಥಿಯಂ ಪಾಲಿಮರ್ ಬ್ಯಾಟರಿ ಓಟದಲ್ಲಷ್ಟೇ ಅಲ್ಲ, ಈ ವಿಶ್ರಾಂತಿಯಲ್ಲಿಯೂ ಕೆಡುವುದೆಂಬುದನ್ನು ನಾವು ಮನಗಾಣಬೇಕು.

ಪೂರ್ಣವಾಗಿ ತುಂಬಿದ ಕೋಶದಲ್ಲಿ 4.2 ವೋಲ್ಟ್ ಇರುತ್ತದೆ. ಹಾಗೆಯೇ ಬಹುಕಾಲ ಇಟ್ಟರೆ ಒಳಗಿನ ದ್ರಾವಣವು ವಿಘಟಿಸಿ, ಅನಿಲ ಹುಟ್ಟಿ, ಕೋಶವು ಉಬ್ಬುತ್ತದೆ. ತೀರ ಬರಿದಾದರೆ ಋಣಧ್ರುವದ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ತುಂಬುವಾಗ ಆ ತಾಮ್ರವೇ ಒಳಗೆ ಹ್ರಸ್ವಮಂಡಲವನ್ನು ಉಂಟುಮಾಡಬಹುದು. ಆದುದರಿಂದ ಕೋಶವೊಂದಕ್ಕೆ ಸುಮಾರು 3.8 ವೋಲ್ಟ್ ಉಳಿಸಿ ಇಡುವುದು ಕ್ಷೇಮ. ಥಂಡಿಗೆ ಅಂಜಿ ವಸ್ತುಗಳನ್ನು ಒಲೆಯ ಮೇಲಣ ಅಟ್ಟದಲ್ಲಿ ಬೆಚ್ಚಗಿಡುವ ಮಲೆನಾಡಿನ ರೂಢಿ ಇದಕ್ಕೆ ಸಲ್ಲದು. ಶಾಖವು ಆ ವಿಘಟನೆಯನ್ನು ತ್ವರೆಗೊಳಿಸುತ್ತದೆ.

ವೇಗದ ಆಸೆಯಿಂದ ಎರಡು ಕೋಶಗಳ ಬದಲು ಮೂರನ್ನು ಜೋಡಿಸಿದರೆ 7.4 ವೋಲ್ಟ್ 11.1 ಆಗುತ್ತದೆ. ಮೋಟಾರು ಮತ್ತು ವೇಗನಿಯಂತ್ರಕಗಳು ಅದನ್ನು ತಾಳುವುವೇ ಎಂದು ಮೊದಲೇ ಪರೀಕ್ಷಿಸಬೇಕು. ತುದಿಯ ಕೊಂಡಿ ಬದಲಿಸುವಾಗ ಎರಡು ತಂತಿಗಳನ್ನೂ ಒಟ್ಟಿಗೆ ಕತ್ತರಿಸಬಾರದು. ಕತ್ತರಿಯೇ ಅವನ್ನು ಕೂಡಿಸುತ್ತದೆ. 2.2 ಆಂಪಿಯರ್-ಗಂಟೆಯ ಇಂಥ ಬ್ಯಾಟರಿಯಲ್ಲಿ ಸುಮಾರು 88,000 ಜೌಲ್ ಶಕ್ತಿ ಅಡಗಿದೆ. ಉಬ್ಬಿದುದನ್ನು ಚುಚ್ಚದೆ, ಮತ್ತೆ ತುಂಬದೆ, ಬಳಕೆಯಿಂದ ತೆಗೆದುಬಿಡುವುದೇ ವಿವೇಕ.